ಆ ‘ಏಳು’ ಎಲ್ಲಿಂದ ಬಂತು?

ನಮ್ಮ ಕಡೆ ಐವತ್ತು ದಾಟಿದ ನಾಲ್ಕು ಮಂದಿ ಒಂದೆಡೆ ಕೂತರೆ ಮಾತು ಮಳೆ-ಬೆಳೆಯಿಂದ ಶುರುವಾಗಿ, ಮಕ್ಕಳ ಮದುವೆಯನ್ನು ಹಾದು, ಕೊನೆಗೆ ಶುಗರಿಗೆ ಬಂದು ನಿಲ್ಲುತ್ತದೆ. ‘ನಂದು ಫಾಸ್ಟಿಂಗು ನೂರಮೂವತ್ತು’, ‘ನನ್ನ ಮೂರು ತಿಂಗಳದ್ದು ಎಂಟೂವರೆ’, ‘ಡಾಕ್ಟ್ರು ಏಳರೊಳಗೆ ಇರಬೇಕು ಅಂದಿದಾರೆ’. ಆಮೇಲೆ ಹಾಗಲಕಾಯಿ ರಸ, ನೆನೆಹಾಕಿದ ಮೆಂತ್ಯ, ಅಮೃತಬಳ್ಳಿ, ನವಣೆ ಅನ್ನ, ಅಕ್ಕಿ ಬಿಟ್ಟು ರಾಗಿ ಹಿಡಿದವರ ಕಥೆ, ರಾಗಿ ಬಿಟ್ಟು ಗೋಧಿ ಹಿಡಿದವರ ಕಥೆ. ಈ ಮಾತುಕತೆ ನನಗೆ ಇಷ್ಟ. ಕಾಯಿಲೆಯನ್ನು ಬಚ್ಚಿಡದೆ ಹೇಳಿಕೊಳ್ಳುವವರ ನಡುವೆ ಅದರ ಭಯ ಎಷ್ಟೋ ಇಳಿಯುತ್ತದೆ. ಆದರೆ ಆ ‘ಏಳರೊಳಗೆ’ ಎನ್ನುವ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಅಲ್ಲಿಂದ ಎದ್ದು ಎಲ್ಲೆಲ್ಲಿಗೋ ಹೊರಟುಬಿಡುತ್ತದೆ: ಟೆಹರಾನಿಗೆ, ಆಕ್ಸ್‌ಫರ್ಡಿಗೆ, ವೆಲ್ಲೂರಿಗೆ, ನಮ್ಮ ಮೈಸೂರಿನ ಮಂಡಿ ಮೊಹಲ್ಲಾಕ್ಕೆ. ಏಳು ಎಂದು ಹೇಳಿದವರು ಯಾರು? ಆರು ಯಾಕಲ್ಲ, ಎಂಟಾದರೆ ಏನಾಗುತ್ತದೆ? ಇದನ್ನು ಕಂಡುಕೊಳ್ಳಲು ಸಾವಿರಾರು ಮಂದಿ ತಮ್ಮ ಬದುಕಿನ ಹತ್ತಿಪ್ಪತ್ತು ವರ್ಷಗಳನ್ನು ಕೊಟ್ಟಿದ್ದಾರೆ. ಅವರ ಹೆಸರು ನಮಗೆ ಗೊತ್ತಿಲ್ಲ. ಅವರ ವಿಚಾರ ಎಲ್ಲಾದರೂ ಮಾತಾಡಬೇಕು ಎಂದು ನನಗೆ ಬಹಳ ದಿನದಿಂದ ಆಸೆ.

ಮೊದಲು ‘ಮೂರು ತಿಂಗಳದ್ದು’ ಎನ್ನುವ ಪರೀಕ್ಷೆ. ಲ್ಯಾಬಿನ ಚೀಟಿಯಲ್ಲಿ ಅದರ ಹೆಸರು ಎಚ್‌ಬಿಎ1ಸಿ. 1968ರ ಸುಮಾರಿಗೆ ಇರಾನಿನ ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ಯುಯೆಲ್ ರಹ್ಬರ್ ಎಂಬವರು ಜನರ ರಕ್ತದಲ್ಲಿ ಹಿಮೋಗ್ಲೋಬಿನ್ನಿನ ಅಪರೂಪದ ಬಗೆಗಳನ್ನು ಹುಡುಕುತ್ತಿದ್ದರು. ಅವರ ಹುಡುಕಾಟವೇ ಬೇರೆ. ಸಕ್ಕರೆ ಕಾಯಿಲೆಯ ಗೋಜಿಗೆ ಅವರು ಹೋದವರಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದವರ ರಕ್ತದಲ್ಲಿ ಒಂದು ಬಗೆ ಮಾಮೂಲಿಗಿಂತ ಹೆಚ್ಚಿರುವುದು ಅವರ ಕಣ್ಣಿಗೆ ಬಿತ್ತು, ಅದನ್ನು ಅವರು ಬಿಡದೆ ಹಿಡಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಅದು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಪುರಿಯುಂಡೆ ಕಟ್ಟುವಾಗ ಬೆಲ್ಲದ ಪಾಕ ಪುರಿಗೆ ಹಿಡಿಯುವ ಹಾಗೆ. ಹಿಡಿದದ್ದು ಆ ರಕ್ತಕಣ ಸಾಯುವ ತನಕ ಬಿಡುವುದಿಲ್ಲ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಇವತ್ತು ತೆಗೆದ ಒಂದು ಹನಿಯಲ್ಲಿ ಹಿಂದಿನ ಎರಡು-ಮೂರು ತಿಂಗಳ ಲೆಕ್ಕ ಕೂತಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಊಟ ಬಿಟ್ಟು ಬಂದರೆ ಅದು ಬದಲಾಗುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು. ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು, ಕಬ್ಬಿಣದಂಶ ಕಡಿಮೆಯಿದ್ದರೆ ಇರುವುದಕ್ಕಿಂತ ಹೆಚ್ಚು ತೋರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ಗೊತ್ತಿದ್ದವರು ಈ ಮಾತನ್ನು ಹಗುರ ಮಾಡಬಾರದು.

ಅಳೆಯುವ ಕೋಲು ಸಿಕ್ಕಿತು ಅನ್ನಿ. ಆದರೆ ಅಳತೆಯನ್ನು ಇಳಿಸಿದರೆ ಏನಾದರೂ ಪ್ರಯೋಜನ ಉಂಟೇ? ಇವತ್ತು ಇದು ವಿಚಿತ್ರ ಪ್ರಶ್ನೆ ಅನ್ನಿಸುತ್ತದೆ. ಆದರೆ ನಾನು ಹುಟ್ಟಿ ಬೆಳೆದ ಕಾಲದಲ್ಲಿ ವೈದ್ಯಲೋಕದಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಇತ್ತು. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದುವರೆಗೆ ಸಕ್ಕರೆ ಕಾಯಿಲೆಯ ಇಂಥ ಮಕ್ಕಳು ಸಾಯುವುದು ಗ್ಯಾರಂಟಿಯಾಗಿತ್ತು. ಇನ್ಸುಲಿನ್ ಬಂದ ಮೇಲೆ ಅವರು ಬದುಕಿದರು, ದೊಡ್ಡವರಾದರು. ಆಮೇಲೆ, ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ, ಅವರ ಕಣ್ಣು ಮಂಜಾಯಿತು, ಮೂತ್ರಪಿಂಡ ಸೋತಿತು, ಕಾಲು ಮರಗಟ್ಟಿತು. ಇದೆಲ್ಲ ಸಕ್ಕರೆ ಹೆಚ್ಚಿದ್ದರಿಂದ ಆದದ್ದು, ಇಳಿಸಿದರೆ ತಪ್ಪುತ್ತದೆ ಎಂದು ಕೆಲವರು. ಇದು ಕಾಯಿಲೆಯ ಜೊತೆಯಲ್ಲೇ ಬರುವ ಬೇರೆ ಎಳೆ, ಸಕ್ಕರೆಯನ್ನು ಹಿಡಿದು ರೋಗಿಯನ್ನು ಯಾಕೆ ಗೋಳಾಡಿಸುತ್ತೀರಿ ಎಂದು ಇನ್ನು ಕೆಲವರು. ಇಬ್ಬರೂ ಒಳ್ಳೆಯ ವೈದ್ಯರೇ. ಸಾಕ್ಷಿ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. 1970ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂದು ಗೊಂದಲ ಇನ್ನಷ್ಟು ಹೆಚ್ಚಿತು. ಟಾಲ್‌ಬುಟಮೈಡ್ ಎಂಬ ಸಕ್ಕರೆ ಮಾತ್ರೆ ತೆಗೆದುಕೊಂಡವರಲ್ಲೇ ಹೃದಯದ ಸಾವು ಹೆಚ್ಚು ಎಂದು ಅದು ಹೇಳಿತು. ಆ ವಾದವಿವಾದ ವರ್ಷಗಟ್ಟಲೆ ಆರಲಿಲ್ಲ.

ಇಂಥ ಹೊತ್ತಿನಲ್ಲಿ, 1977ರಲ್ಲಿ, ಆಕ್ಸ್‌ಫರ್ಡಿನ ರಾಬರ್ಟ್ ಟರ್ನರ್ ಒಂದು ಕೆಲಸ ಶುರುಮಾಡಿದರು. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ, ಹೊಸದಾಗಿ ಸಕ್ಕರೆ ಕಾಯಿಲೆ ಪತ್ತೆಯಾದ 5,102 ಮಂದಿಯನ್ನು ಸೇರಿಸಿಕೊಂಡರು. ಅವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಭಾರತದ ಕಡೆಯ ಮೂಲದವರು. ಮೊದಲ ಮೂರು ತಿಂಗಳು ಎಲ್ಲರಿಗೂ ಪಥ್ಯ. ಆಮೇಲೆ ಬಹುಪಾಲು ಜನರ ಪಾಲಿಗೆ ಒಂದು ಲಕೋಟೆ. ಒಳಗಿನದು ಹೊರಗೆ ಕಾಣದ, ಅಂಟಿಸಿದ ಲಕೋಟೆ. ಅದನ್ನು ಒಡೆದಾಗ ಗೊತ್ತಾಗುವುದು, ಈ ವ್ಯಕ್ತಿಗೆ ಪಥ್ಯವಷ್ಟೇ ಮುಂದುವರಿಯಬೇಕೋ, ಮಾತ್ರೆಯೋ, ಇನ್ಸುಲಿನ್ ಸೂಜಿಯೋ ಎಂದು. ವೈದ್ಯರ ಇಷ್ಟಕ್ಕೆ ಅಲ್ಲಿ ಜಾಗವಿಲ್ಲ, ರೋಗಿಯ ಇಷ್ಟಕ್ಕೂ ಇಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಯಾವುದೋ ಊರಿನ ಒಬ್ಬ ಬಸ್ ಡ್ರೈವರ್, ಒಬ್ಬ ಟೀಚರಮ್ಮ, ಇಂಥವರು ಆ ಮೇಜಿನ ಮುಂದೆ ಕೂತಿದ್ದನ್ನು ಯೋಚಿಸಿ. ‘ನಿಮಗೆ ಯಾವ ಚಿಕಿತ್ಸೆ ಒಳ್ಳೆಯದು ಎಂದು ನಮಗೆ ಗೊತ್ತಿಲ್ಲ. ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ತಿಳಿಯಬೇಕೆಂದರೆ ಈ ಲಕೋಟೆ ಹೇಳಿದ ಹಾಗೆ ವರ್ಷಗಟ್ಟಲೆ ನಡೆಯಬೇಕು’ ಎಂದು ಡಾಕ್ಟರ್ ಹೇಳುತ್ತಾರೆ. ಆ ಮನುಷ್ಯ ಆಗಲಿ ಎನ್ನುತ್ತಾನೆ. ಡಾಕ್ಟರಿಗೆ ಎಲ್ಲವೂ ಗೊತ್ತಿರಬೇಕು ಎಂದು ಬಯಸುವ ನಮಗೆ, ಗೊತ್ತಿಲ್ಲ ಎಂಬುದನ್ನು ಕೇಳಿಸಿಕೊಂಡು ಕೂಡ ಕೈಬಿಡದ ಆ ನಂಬಿಕೆ ಎಂಥ ದೊಡ್ಡದು ಎಂದು ತಿಳಿಯಬೇಕು. ಬರೀ ಪಥ್ಯದ ಲಕೋಟೆ ಬಂದವರ ಪಾಲು ಮುಂದೆ ಕಡಿಮೆ ಒಳ್ಳೆಯದೆಂದು ಗೊತ್ತಾಯಿತಲ್ಲ, ಅವರಿಲ್ಲದೆ ಉಳಿದವರ ಲಾಭವೂ ತಿಳಿಯುತ್ತಿರಲಿಲ್ಲ.

ಇಪ್ಪತ್ತೊಂದು ವರ್ಷ ಕಳೆದು 1998ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾದ ಸಮ್ಮೇಳನದಲ್ಲಿ ಟರ್ನರ್ ಬಳಗ ಫಲಿತಾಂಶ ಹೇಳಿತು. ಬಿಗಿಯಾಗಿ ಸಕ್ಕರೆ ಹಿಡಿದವರ ಮೂರು ತಿಂಗಳ ಅಂಕಿ 7.0, ಮಾಮೂಲಿ ಚಿಕಿತ್ಸೆಯವರದು 7.9. ವ್ಯತ್ಯಾಸ ಒಂದು ಅಂಕಿಯೂ ಇಲ್ಲ. ಅಷ್ಟಕ್ಕೇ ಕಣ್ಣು, ಮೂತ್ರಪಿಂಡದಂಥ ಕಡೆಯ ಸಣ್ಣ ರಕ್ತನಾಳಗಳ ತೊಂದರೆ ನೂರಕ್ಕೆ 25ರಷ್ಟು ಕಡಿಮೆಯಾಗಿತ್ತು. ಇದಕ್ಕೆ ಐದು ವರ್ಷ ಮೊದಲು, 1993ರಲ್ಲಿ, ಅಮೆರಿಕ ಮತ್ತು ಕೆನಡಾದಲ್ಲಿ ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಹಿಡಿದ 1,441 ಮಂದಿಯ ಅಧ್ಯಯನವೂ ಇದನ್ನೇ ಇನ್ನೂ ಜೋರಾಗಿ ಹೇಳಿತ್ತು. ಅವರಲ್ಲಿ ಹದಿಮೂರರ ಮಕ್ಕಳೂ ಇದ್ದರು. ಬಿಗಿ ಗುಂಪಿನವರು ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಂಡು, ಮೂರು ಸಲ ಸೂಜಿ ಹಾಕಿಕೊಂಡು, ಸರಾಸರಿ ಆರೂವರೆ ವರ್ಷ ನಡೆದರು. ಕಣ್ಣಿನ ತೊಂದರೆಯೇ ಇಲ್ಲದೆ ಸೇರಿದ್ದವರಲ್ಲಿ ಅದು ಬರುವ ಅಪಾಯ ನೂರಕ್ಕೆ 76ರಷ್ಟು ಇಳಿಯಿತು. ಅವರ ಅಂಕಿಯೂ ಏಳರ ಆಸುಪಾಸಿನದೇ. ನಮ್ಮ ‘ಏಳು’ ಬಂದದ್ದು ಹೀಗೆ. ಆರು ಮುಕ್ಕಾಲರಲ್ಲಿ ಸುಖ, ಏಳೂಕಾಲರಲ್ಲಿ ಕೇಡು ಎಂದು ಮೈಯೊಳಗೆ ಯಾವ ಗೆರೆಯೂ ಇಲ್ಲ. ನಮ್ಮ ನಿಮ್ಮಂಥ ಜನ ಕಷ್ಟಪಟ್ಟು ಮುಟ್ಟಿದ, ಮುಟ್ಟಿ ಲಾಭ ಕಂಡ ಜಾಗ ಅದು.

ಟರ್ನರ್ ಅಧ್ಯಯನದಿಂದ ಬಂದ ಇನ್ನೆರಡು ಮಾತುಗಳನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಒಂದು, ಬಿಪಿಯದು. ಸಕ್ಕರೆಯ ಜೊತೆ ಬಿಪಿಯೂ ಇದ್ದ 1,148 ಮಂದಿಯಲ್ಲಿ ಬಿಪಿಯನ್ನು ಬಿಗಿಯಾಗಿ ಹಿಡಿದಾಗ, ಸರಾಸರಿ 154/87ರ ಬದಲು 144/82ಕ್ಕೆ ತಂದಾಗ, ಪಾರ್ಶ್ವವಾಯು ನೂರಕ್ಕೆ 44ರಷ್ಟು ಕಡಿಮೆಯಾಯಿತು. ಶುಗರ್ ಎಷ್ಟೆಂದು ಕೇಳಿದ ಕೂಡಲೇ ಹೇಳುವವರು ಬಿಪಿ ಎಷ್ಟೆಂದರೆ ತಡವರಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇನ್ನೊಂದು ಮಾತು, ವರ್ಷ ಕಳೆದಂತೆ ಮಾತ್ರೆ ಹೆಚ್ಚುವುದರ ಬಗ್ಗೆ. ಎಷ್ಟು ನಿಯಮದಲ್ಲಿದ್ದರೂ ಇನ್ಸುಲಿನ್ ಸುರಿಸುವ ಕಣಗಳ ಶಕ್ತಿ ಕ್ರಮೇಣ ಕುಂದುತ್ತ ಹೋಗುತ್ತದೆ ಎಂದು ಆ ಅಧ್ಯಯನ ತೋರಿಸಿಕೊಟ್ಟಿತು. ಒಂಬತ್ತು ವರ್ಷದ ಹೊತ್ತಿಗೆ ಒಂದೇ ಬಗೆಯ ಔಷಧದಲ್ಲಿ ಏಳರೊಳಗೆ ಉಳಿದವರು ನಾಲ್ಕರಲ್ಲಿ ಒಬ್ಬರಷ್ಟೇ. ಹಾಗಾಗಿ ಇನ್ಸುಲಿನ್ ಬರೆದುಕೊಟ್ಟರೆಂದು ಮನೆಗೆ ಬಂದು ತಪ್ಪು ಮಾಡಿದವರಂತೆ ಮುಖ ಇಳಿಸಿ ಕೂರಬೇಕಾಗಿಲ್ಲ. ‘ನೀವು ಬಾಯಿ ಕಟ್ಟಲಿಲ್ಲ’ ಎಂದು ಮನೆಯವರು ಚುಚ್ಚಲೂ ಬಾರದು. ಅದು ಕಾಯಿಲೆಯ ನಡೆ.

ಟರ್ನರ್ ಮರುವರ್ಷವೇ, 1999ರಲ್ಲಿ, ಪಾರ್ಶ್ವವಾಯುವಿನಿಂದ ತೀರಿಕೊಂಡರು. ಅವರ ಜೊತೆಗಾರ ರೂರಿ ಹೋಲ್ಮನ್ ಕೈಬಿಡದೆ ಅದೇ ಜನರ ಬೆನ್ನುಹಿಡಿದರು. ಅಧ್ಯಯನ ಮುಗಿದ ಒಂದೇ ವರ್ಷದಲ್ಲಿ ಎರಡೂ ಗುಂಪಿನವರ ಸಕ್ಕರೆ ಒಂದೇ ಮಟ್ಟಕ್ಕೆ ಬಂದುಬಿಟ್ಟಿತ್ತು. ಆದರೂ ಹತ್ತು ವರ್ಷ ಬಿಟ್ಟು ನೋಡಿದರೆ, ಮೊದಲಲ್ಲಿ ಬಿಗಿಯಾಗಿದ್ದವರಿಗೆ ಹೃದಯಾಘಾತ ಕಡಿಮೆ, ಸಾವು ಕಡಿಮೆ. ಇದು 2008ರಲ್ಲಿ ಪ್ರಕಟವಾಯಿತು. ಆಮೇಲೆ ಇನ್ನೂ ಹಿಂಬಾಲಿಸಿ 24 ವರ್ಷದವರೆಗೆ ನೋಡಿದರೂ ಆ ಲಾಭ ಹಾಗೇ ಇತ್ತು. ಆರಂಭದ ವರ್ಷಗಳಲ್ಲಿ ಪಟ್ಟ ಶ್ರಮವನ್ನು ಮೈ ನೆನಪಿಟ್ಟುಕೊಳ್ಳುತ್ತದೆ. ಈಗಷ್ಟೇ ಶುಗರ್ ಬಂದಿದೆ, ಇನ್ನೂ ಏನೂ ತೊಂದರೆಯಿಲ್ಲ, ಆಮೇಲೆ ನೋಡಿಕೊಳ್ಳೋಣ ಎನ್ನುವ ನಲವತ್ತರ ಹುಡುಗರನ್ನು ಕಂಡರೆ ಅವರ ಕೈಹಿಡಿದು ಇದನ್ನು ಹೇಳಬೇಕು ಅನ್ನಿಸುತ್ತದೆ. ಆ ‘ಆಮೇಲೆ’ಗಿಂತ ‘ಈಗ’ದ ಬೆಲೆ ಎಷ್ಟೋ ಹೆಚ್ಚು.

ಕಣ್ಣಿನ ಮಾತಿಗೆ ಬರುತ್ತೇನೆ. ನಮ್ಮ ಸೋದರತ್ತೆಯೊಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿತ್ತು. ಹೂ ಕಟ್ಟುವುದನ್ನು ಬೆರಳಲ್ಲೇ ಮಾಡುತ್ತಿದ್ದರು, ಮಲ್ಲಿಗೆ ಯಾವುದು ಕಾಕಡ ಯಾವುದು ಎಂದು ಮೂಸಿ ಹೇಳುತ್ತಿದ್ದರು. ಅವರ ಕಾಲಕ್ಕೆ ನಮ್ಮ ಮಲೆನಾಡಿನ ಊರಿನಲ್ಲಿ ಅದಕ್ಕೆ ಮದ್ದಿರಲಿಲ್ಲ. ಅದಕ್ಕೇ ಇರಬೇಕು, ಕಣ್ಣಿನ ಸಂಶೋಧನೆಯ ಕಥೆ ಓದುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಅದರ ಆರಂಭ ಒಂದು ಸೂರ್ಯಗ್ರಹಣದಲ್ಲಿದೆ. 1945ರ ಜುಲೈ 9ರ ಗ್ರಹಣವನ್ನು ಬರಿಗಣ್ಣಲ್ಲಿ ನೋಡಿ ಕಣ್ಣಿನ ಪರದೆ ಸುಟ್ಟುಕೊಂಡ ಒಬ್ಬ ವಿದ್ಯಾರ್ಥಿಯನ್ನು ಜರ್ಮನಿಯ ಕಣ್ಣಿನ ವೈದ್ಯ ಗೆರ್ಡ್ ಮೇಯರ್-ಶ್ವಿಕರಾತ್ ಪರೀಕ್ಷಿಸಿದರು. ಬೆಳಕು ಸುಡಬಲ್ಲದಾದರೆ, ಬೇಕಾದ ಜಾಗದಲ್ಲಿ ಬೇಕಾದಷ್ಟೇ ಸುಡಿಸಿ ಕಣ್ಣನ್ನು ಉಳಿಸಬಹುದಲ್ಲವೇ ಎಂದು ಅವರಿಗೆ ಹೊಳೆಯಿತು. ಆಸ್ಪತ್ರೆಯ ಮಹಡಿಯ ಮೇಲೆ ಕನ್ನಡಿಗಳಿಂದ ಬಿಸಿಲನ್ನು ಹಿಡಿದು ರೋಗಿಯ ಕಣ್ಣಿನೊಳಕ್ಕೆ ಬಿಟ್ಟು ನೋಡಿದರು. ಮೋಡ ಬಂದರೆ ಚಿಕಿತ್ಸೆ ನಿಂತಿತು. ಮುಂದೆ ಕ್ಸೆನಾನ್ ದೀಪದ ಯಂತ್ರ ಬಂತು, ಆಮೇಲೆ ಲೇಸರ್. ಸಕ್ಕರೆ ಕಾಯಿಲೆಯಲ್ಲಿ ಕಣ್ಣಿನ ಪರದೆಯ ಮೇಲೆ ಹುಟ್ಟುವ ಹೊಸ, ದುರ್ಬಲ ರಕ್ತನಾಳಗಳು ಒಡೆದು ರಕ್ತ ಸುರಿಸುತ್ತವೆ. ಅದಕ್ಕೂ ಈ ಬೆಳಕಿನ ಸುಡುವಿಕೆ ಆಗಬಹುದೆಂದು ಅನೇಕರು ಮಾಡತೊಡಗಿದರು. ಆದರೆ ಇಲ್ಲಿಯೂ ಅದೇ ಪ್ರಶ್ನೆ: ಇದರಿಂದ ನಿಜವಾಗಿ ಒಳ್ಳೆಯದಾಗುತ್ತಿದೆಯೋ, ಸುಮ್ಮನೆ ಕಣ್ಣು ಸುಡುತ್ತಿದ್ದೇವೋ?

ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಇದನ್ನು ತೀರ್ಮಾನಿಸಲು ಹೊರಟರು. ಎರಡೂ ಕಣ್ಣಿನಲ್ಲಿ ತೊಂದರೆಯಿದ್ದ ಸಾವಿರದೇಳುನೂರಕ್ಕೂ ಹೆಚ್ಚು ಮಂದಿ ಒಪ್ಪಿದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಚಿಕಿತ್ಸೆ, ಇನ್ನೊಂದು ಕಣ್ಣಿಗೆ ಇಲ್ಲ. ಯಾವ ಕಣ್ಣಿಗೆ ಎಂಬುದನ್ನು ನಿರ್ಧರಿಸುವುದು ಅದೃಷ್ಟದ ಚೀಟಿ. ಒಬ್ಬ ಮನುಷ್ಯ ತನ್ನ ಎಡಗಣ್ಣನ್ನೂ ಬಲಗಣ್ಣನ್ನೂ ಲೋಕದ ಪ್ರಶ್ನೆಯೊಂದರ ಎರಡು ಪಕ್ಕದಲ್ಲಿ ನಿಲ್ಲಿಸಿದ ಹಾಗೆ! 1976ರ ಹೊತ್ತಿಗೇ ಉತ್ತರ ಸ್ಪಷ್ಟವಾಯಿತು. ಚಿಕಿತ್ಸೆ ಆದ ಕಣ್ಣುಗಳಲ್ಲಿ ದೃಷ್ಟಿ ಪೂರಾ ಕೆಡುವುದು ಅರ್ಧಕ್ಕಿಂತ ಹೆಚ್ಚು ತಪ್ಪಿತ್ತು. ಕೂಡಲೇ ನಿಯಮ ಬದಲಿಸಿದರು. ಅಪಾಯದಲ್ಲಿದ್ದ ಇನ್ನೊಂದು ಕಣ್ಣಿಗೂ ಚಿಕಿತ್ಸೆ ಕೊಡಬಹುದೆಂದರು. ಕೆಲವರಿಗೆ ಅಷ್ಟರಲ್ಲಿ ತಡವಾಗಿತ್ತು. ಇವತ್ತು ನಮ್ಮ ತಾಲ್ಲೂಕಿನ ಕಣ್ಣಿನ ಶಿಬಿರದಲ್ಲಿ ‘ಶುಗರ್ ಇದೆಯಾ? ವರ್ಷಕ್ಕೊಂದು ಸಲ ಪರದೆ ತೋರಿಸಿ, ಬೇಕಾದರೆ ಲೇಸರ್ ಹಾಕ್ತೀವಿ’ ಎಂದು ನಿರಾಳವಾಗಿ ಹೇಳುವ ಡಾಕ್ಟರಮ್ಮನ ಮಾತಿನ ಹಿಂದೆ ಆ ತಡವಾದ ಕಣ್ಣುಗಳೂ ಇವೆ. ತೊಂದರೆ ಶುರುವಾದಾಗ ನೋಟ ಚೆನ್ನಾಗಿಯೇ ಇರುತ್ತದೆ, ನೋವಿರುವುದಿಲ್ಲ. ಕಾಣುತ್ತಿದೆಯಲ್ಲ ಎಂದು ಮುಂದೂಡಬೇಡಿ.

ನೋವಿನ ಮಾತು ಬಂತು. ನೋವಿಲ್ಲದಿರುವುದು ಎಷ್ಟು ದೊಡ್ಡ ಆಪತ್ತು ಎಂದು ನಮಗೆ ಕಲಿಸಿದವರು ಕುಷ್ಠರೋಗಿಗಳು, ಅವರ ನಡುವೆ ಬದುಕಿದ ಒಬ್ಬ ಸರ್ಜನ್. ಪಾಲ್ ಬ್ರ್ಯಾಂಡ್ ಹುಟ್ಟಿದ್ದು ತಮಿಳುನಾಡಿನ ಕೊಲ್ಲಿಮಲೆಯಲ್ಲಿ, 1914ರಲ್ಲಿ. ಇಂಗ್ಲೆಂಡಿನಲ್ಲಿ ಓದಿ 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠದಲ್ಲಿ ಕೈಕಾಲಿನ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ಆಗ ಎಲ್ಲರ ನಂಬಿಕೆ. ಒಂದು ದಿನ ತುಕ್ಕು ಹಿಡಿದ ಬೀಗವೊಂದನ್ನು ತೆಗೆಯಲಾಗದೆ ಬ್ರ್ಯಾಂಡ್ ಒದ್ದಾಡುತ್ತಿದ್ದಾಗ ಒಬ್ಬ ಸಣ್ಣ ಹುಡುಗ ಬಂದು ಕೀಲಿಯನ್ನು ಸರಾಗ ತಿರುಗಿಸಿದ. ನೋಡಿದರೆ ಅವನ ಬೆರಳು ಎಲುಬು ಕಾಣುವಷ್ಟು ಸೀಳಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಬ್ರ್ಯಾಂಡ್ ಪ್ರತಿ ಗಾಯದ ಕಾರಣ ಹುಡುಕತೊಡಗಿದರು. ರಾತ್ರಿ ಬೆಳಗಾಗುವುದರೊಳಗೆ ಕೆಲವರ ಬೆರಳಿನ ತುಂಡು ಹೋಗಿರುತ್ತಿತ್ತು. ಕಾದು ನೋಡಿದಾಗ ಕಂಡದ್ದು, ಮಲಗಿದವರ ಬೆರಳನ್ನು ಇಲಿ ಕಡಿಯುತ್ತಿತ್ತು, ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಮನೆಗೆ ಹೊರಡುವ ರೋಗಿಗಳಿಗೆ ಬೆಕ್ಕು ಕೊಟ್ಟು ಕಳಿಸುವುದು ಅಲ್ಲಿಂದ ಶುರುವಾಯಿತು.

ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠಾಸ್ಪತ್ರೆಗೆ ಹೋದರು. ಅಲ್ಲಿ ಸಕ್ಕರೆ ಕಾಯಿಲೆಯವರ ಕಾಲುಗಳನ್ನು ನೋಡಿದಾಗ ಅವರಿಗೆ ವೆಲ್ಲೂರಿನ ಕಾಲುಗಳೇ ಕಂಡವು. ಸಕ್ಕರೆಯಿಂದ ನರ ಸತ್ತ ಪಾದವೂ ನೋವನ್ನು ಅರಿಯದು. ಚಪ್ಪಲಿಯೊಳಗಿನ ಕಲ್ಲು, ಬಿಗಿ ಬೂಟಿನ ಒತ್ತಡ, ಒಂದೇ ಜಾಗದ ಮೇಲೆ ಬೀಳುವ ಭಾರ ಯಾವುದೂ ಗೊತ್ತಾಗುವುದಿಲ್ಲ. ಹುಣ್ಣಾಗುತ್ತದೆ, ಹುಣ್ಣಿನ ಮೇಲೇ ನಡೆಯುತ್ತಾರೆ. ಪಾದದ ಭಾರವನ್ನು ಹಂಚುವ ಪ್ಲಾಸ್ಟರ್ ಕಟ್ಟು, ಮೆತ್ತನೆಯ ಅಡಿಯ ಪಾದರಕ್ಷೆ ಇವೆಲ್ಲ ಕುಷ್ಠದಿಂದ ಸಕ್ಕರೆ ಕಾಯಿಲೆಗೆ ದಾಟಿ ಬಂದವು. ಇವತ್ತು ಡಾಕ್ಟರು ಬರೆದುಕೊಡುವ ಎಂಸಿಆರ್ ಚಪ್ಪಲಿಯ ಬೇರು ಅಲ್ಲಿದೆ. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ‘ಗೊತ್ತಾಗ್ತಿದೆಯಾ?’ ಎಂದು ಕೇಳುವ ಹತ್ತು ಗ್ರಾಂ ಎಳೆಯ ಪರೀಕ್ಷೆಯನ್ನು ಪಾದಕ್ಕೆ ಹೊಂದಿಸಿದ ಕೆಲಸವೂ ಕಾರ್ವಿಲ್‌ನಲ್ಲಿ ನಡೆಯಿತು. ಊರಾಚೆ ನೂಕಿಸಿಕೊಂಡ ಜನರ ಪಾದಗಳಿಂದ ಕಲಿತದ್ದು ಇವತ್ತು ಊರೊಳಗಿನ ಲಕ್ಷಾಂತರ ಪಾದಗಳನ್ನು ಕಾಯುತ್ತಿದೆ. ನಾವು ದೇವಸ್ಥಾನದ ಪ್ರಾಕಾರದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಸುತ್ತುವ ಜನ. ಮನೆಯೊಳಗೆ ಚಪ್ಪಲಿ ಮೆಟ್ಟದವರು. ಸ್ಪರ್ಶ ಕಳೆದ ಅಂಗಾಲಿಗೆ ಮಧ್ಯಾಹ್ನದ ಪ್ರದಕ್ಷಿಣೆ ಸುಟ್ಟ ಗಾಯವಾಗಿ ತಿಳಿಯುವುದು ಮನೆಗೆ ಬಂದು ಪಾದ ನೋಡಿದಾಗ. ಬೆಳಗ್ಗೆ ಬೇಗ ಹೋಗಿ, ರಾತ್ರಿ ಮಲಗುವ ಮುಂಚೆ ಪಾದವನ್ನು ತಿರುಗಿಸಿ ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮೊಮ್ಮಗಳಿಗೆ ತೋರಿಸಿ.

ಬಿಗಿ ಒಳ್ಳೆಯದೆಂದು ಹೇಳುತ್ತ ಬಂದೆ, ಇನ್ನೊಂದು ಪಕ್ಕವನ್ನೂ ಹೇಳಬೇಕು. ಏಳು ಒಳ್ಳೆಯದಾದರೆ ಆರಕ್ಕಿಂತ ಕೆಳಗೆ ಇನ್ನೂ ಒಳ್ಳೆಯದಲ್ಲವೇ ಎಂದು ಅಮೆರಿಕ-ಕೆನಡಾದಲ್ಲಿ 10,251 ಮಂದಿಯಲ್ಲಿ ಪರೀಕ್ಷಿಸಿದರು. ವಯಸ್ಸಾದವರು, ಹೃದಯದ ಅಪಾಯ ಇದ್ದವರು. 2008ರ ಫೆಬ್ರವರಿಯಲ್ಲಿ ಆ ಅತಿ ಬಿಗಿ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅತಿ ಬಿಗಿ ಗುಂಪಿನಲ್ಲಿ 257 ಸಾವು, ಇನ್ನೊಂದರಲ್ಲಿ 203. ತಾವು ನಂಬಿದ್ದು ತಪ್ಪೆಂದು ಅಂಕಿ ಹೇಳಿದಾಗ ಅದನ್ನು ಮುಚ್ಚಿಡದೆ, ಮುಗಿಯುವ ತನಕ ಕಾಯದೆ ನಿಲ್ಲಿಸಿದರಲ್ಲ, ಆ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. ಎಂಬತ್ತರ ಅಜ್ಜಿಗೆ ‘ಎಂಟಿದ್ದರೂ ಪರವಾಗಿಲ್ಲ, ಸಕ್ಕರೆ ಇಳಿದು ತಲೆ ಸುತ್ತಿ ಬೀಳದಿದ್ದರೆ ಸಾಕು’ ಎಂದು ಹೇಳುವ ಡಾಕ್ಟರು ಉದಾಸೀನ ಮಾಡುತ್ತಿಲ್ಲ, ಈ ಪಾಠವನ್ನು ಕಲಿತವರು.

ಇನ್ನು ಮೈಸೂರು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳೆಯ ಮೈಸೂರಿಗರು ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. ಅಲ್ಲಿ 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುವ ಶಿಸ್ತಿತ್ತು. ಬರೆದ ದಾದಿಯರಿಗೆ ಇದು ಮುಂದೆ ಸಕ್ಕರೆ ಕಾಯಿಲೆಯ ಗುಟ್ಟು ಬಿಡಿಸಲು ಬೇಕಾಗುತ್ತದೆಂದು ಹೇಗೆ ಗೊತ್ತಿರಬೇಕು? ಅವತ್ತಿನ ಕೆಲಸವನ್ನು ಅವತ್ತು ಸರಿಯಾಗಿ ಮಾಡಿದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರ ಬಳಗ 1990ರ ದಶಕದಲ್ಲಿ ಆ ಪುಸ್ತಕಗಳನ್ನು ಹಿಡಿದು, ಆಸ್ಪತ್ರೆಯ ಸುತ್ತಲಿನ ಮನೆ ಮನೆ ತಿರುಗಿ, ಅಲ್ಲಿ ಹುಟ್ಟಿ ಆ ಹೊತ್ತಿಗೆ ನಲವತ್ತು ದಾಟಿದ್ದವರನ್ನು ಹುಡುಕಿ ತೆಗೆದರು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಮಗುವಿಗೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚೆಂದು ಕಂಡಿತ್ತು. ಮೈಸೂರಿನಲ್ಲಿ 1998ರಲ್ಲಿ ಪ್ರಕಟವಾದದ್ದು ಬೇರೆ: ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಹಾಗಾದರೆ ತಾಯಂದಿರಿಗೆ ಬಸುರಿನಲ್ಲೇ ಸಕ್ಕರೆ ಇತ್ತೇ? ಅದನ್ನು ತಿಳಿಯಲು ಅದೇ ಆಸ್ಪತ್ರೆಯಲ್ಲಿ ಬಸುರಿಯರನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಕರೆಸಿ ನೋಡುವ ‘ಮೈಸೂರು ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಅದರ ಮುಂದಾಳು. ತಾಯಿಗೆ ಬಸುರಿನಲ್ಲಿ ಸಕ್ಕರೆ ಇದ್ದರೆ ಮಗಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚು ಕಂಡವು. ಆ ಮಕ್ಕಳು ಈಗ ಯುವಕ ಯುವತಿಯರು. ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರು ಬಸ್ಸು ಹಿಡಿದು, ಕೆಲಸಕ್ಕೆ ರಜೆ ಹಾಕಿ ಬಂದವರು.

ಸಪೂರ ಇದ್ದೇನೆ, ನನಗೇಕೆ ಶುಗರ್ ಬಂತು ಎಂದು ನಮ್ಮವರು ಕೇಳುವುದುಂಟು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮ ಮತ್ತು ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಇಬ್ಬರ ಚಿತ್ರವನ್ನು ಪಕ್ಕಪಕ್ಕ ಹಾಕಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2. ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ಇದು ನಮ್ಮ ಮೈಗಳ ಸ್ವಭಾವ. ಪರದೇಶದ ತಕ್ಕಡಿ ನಮಗೆ ಪೂರಾ ಸಾಲದು, ನಮ್ಮದೇ ಅಧ್ಯಯನ ಬೇಕು ಎನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನಾನು ಕಂಡಿಲ್ಲ. 2023ರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಹತ್ತು ಕೋಟಿ ದಾಟಿದ್ದಾರೆ. ಅಂಚಿನಲ್ಲಿರುವವರು ಹದಿಮೂರೂವರೆ ಕೋಟಿ.

ಆ ಅಂಚಿನವರಿಗೆ ಹೇಳಬೇಕಾದ ಒಳ್ಳೆಯ ಸುದ್ದಿ ಚೀನಾದ ಈಶಾನ್ಯದ ತೈಲನಗರ ದಾಚಿಂಗ್‌ನಿಂದ ಬಂದಿದೆ. 1986ರಲ್ಲಿ ಅಲ್ಲಿನ 577 ಮಂದಿಯನ್ನು ಅವರವರ ದವಾಖಾನೆಯ ಪ್ರಕಾರ ಬೇರೆಬೇರೆ ಗುಂಪು ಮಾಡಿ, ಆರು ವರ್ಷ ಊಟ, ನಡಿಗೆ, ಅಥವಾ ಎರಡನ್ನೂ ತಿದ್ದಿದರು. ಮೂವತ್ತು ವರ್ಷದ ಮೇಲೆ ಎಣಿಸಿದಾಗ, ತಿದ್ದಿಕೊಂಡವರಿಗೆ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯ-ರಕ್ತನಾಳದ ಆಪತ್ತು ಕಾಲುಭಾಗ ಕಡಿಮೆಯಾಗಿತ್ತು. ಚೆನ್ನೈನ ಡಾ. ಎ. ರಾಮಚಂದ್ರನ್ ಬಳಗ ದಕ್ಷಿಣ ಭಾರತದ 537 ದುಡಿಯುವ ಗಂಡಸರಲ್ಲಿ ಅರ್ಧ ಜನರಿಗೆ ಮೊಬೈಲಿನಲ್ಲಿ ಊಟ-ನಡಿಗೆಯ ಸಣ್ಣ ಸಂದೇಶ ಕಳಿಸುತ್ತ ಹೋಯಿತು. ಎರಡು ವರ್ಷದಲ್ಲಿ ಸಂದೇಶ ಬಂದವರಲ್ಲಿ ನೂರಕ್ಕೆ 18 ಮಂದಿಗೆ ಶುಗರ್ ಬಂದಿತ್ತು, ಬಾರದವರಲ್ಲಿ 27. ಕಾಸು ಖರ್ಚಿಲ್ಲದ ಎರಡು ಸಾಲಿನ ಸಂದೇಶ!

ಔಷಧಗಳ ಕಡೆ ಹೋದರೆ ರಾತ್ರಿಯಾದೀತು. ಒಂದನ್ನಷ್ಟೇ ಹೇಳುತ್ತೇನೆ. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದ ಫ್ಲೋರಿಜಿನ್ ಎಂಬ ವಸ್ತು ಮೂತ್ರದಲ್ಲಿ ಸಕ್ಕರೆ ಹರಿಸುತ್ತದೆ ಎಂದು ಮುಂದೆ ಗೊತ್ತಾಯಿತು. ಅದರ ಜಾಡು ಹಿಡಿದು ಬಂದ ಎಂಪಾಗ್ಲಿಫ್ಲೋಜಿನ್ ಮಾತ್ರೆಯನ್ನು 42 ದೇಶಗಳ 7,020 ಮಂದಿ ಹೃದ್ರೋಗಿಗಳಲ್ಲಿ ನೋಡಿದರು. ಭಾರತದವರೂ ಇದ್ದರು. ಹೃದಯದ ಸಾವು ನೂರಕ್ಕೆ 38ರಷ್ಟು ಕಡಿಮೆಯೆಂದು 2015ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪ್ರಕಟಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಇದೇ ಕುಟುಂಬದ ಮಾತ್ರೆಗಳು ಮೂತ್ರಪಿಂಡ ಸೋಲುವುದನ್ನೂ ನಿಧಾನಗೊಳಿಸುತ್ತವೆ. ಎಲ್ಲರಿಗೂ ಹೊಂದುವುದಿಲ್ಲ, ವೈದ್ಯರೇ ನಿರ್ಧರಿಸಬೇಕು. 2025ರ ಮಾರ್ಚಿನಲ್ಲಿ ಇಲ್ಲಿ ಎಂಪಾಗ್ಲಿಫ್ಲೋಜಿನ್ನಿನ ಪೇಟೆಂಟ್ ಮುಗಿದು ಬೆಲೆ ತಟಕ್ಕನೆ ಇಳಿದಾಗ ನನಗೆ ನಿಜಕ್ಕೂ ಹಬ್ಬದ ಸುದ್ದಿ ಬಂದಷ್ಟು ಸಂತೋಷವಾಯಿತು. ಡಯಾಲಿಸಿಸ್ಸಿಗಾಗಿ ವಾರಕ್ಕೆ ಮೂರು ಸಲ ಜಿಲ್ಲಾಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರುವವರನ್ನು ಕಂಡವರಿಗೆ ಈ ಸಂತೋಷ ಅರ್ಥವಾಗುತ್ತದೆ.

ಈಚೆಗೆ ನಮ್ಮ ಬೀದಿಯ ಒಬ್ಬ ಹೆಂಗಸು ಹಾಳೆಗಳ ಕಟ್ಟೊಂದನ್ನು ಹಿಡಿದು ಬಂದರು. ಅವರಿಗೆ ಹತ್ತು ವರ್ಷದ ಮೇಲಿಂದ ಶುಗರ್. ಒಂದು ಹೊಸ ಔಷಧದ ಅಧ್ಯಯನಕ್ಕೆ ಸೇರುತ್ತೀರಾ ಎಂದು ಆಸ್ಪತ್ರೆಯಲ್ಲಿ ಕೇಳಿದ್ದರಂತೆ. ‘ನಮ್ಮ ಮೇಲೆ ಪ್ರಯೋಗ ಮಾಡ್ತಾರೇನ್ರೀ?’ ಎಂದರು. ಆ ಭಯ ನ್ಯಾಯವಾದದ್ದು. ಬಡವರನ್ನು ಗೊತ್ತಿಲ್ಲದೆ ಪ್ರಯೋಗಕ್ಕೆ ಎಳೆದ ದಿನಗಳೂ ಲೋಕದಲ್ಲಿ ಇದ್ದವು. ಇಬ್ಬರೂ ಕೂತು ಹಾಳೆಗಳನ್ನು ಓದಿದೆವು. ಕನ್ನಡದಲ್ಲೇ ಇತ್ತು, ಹಾಗೇ ಇರಬೇಕು. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ದೇಶದ ಪ್ರಯೋಗ ನೋಂದಣಿಯ ಸಂಖ್ಯೆ ಇದೆಯೇ ನೋಡಿದೆವು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ, ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಅವರದೇ ಹೊಣೆ ಎಂದು ಬರೆದಿತ್ತು. 2019ರ ನಿಯಮಗಳ ಪ್ರಕಾರ ಅದು ಕಾನೂನು. ‘ಇದರಿಂದ ನನಗೇನು ಲಾಭ?’ ಎಂದು ಕೇಳಿದರು. ಇರಬಹುದು, ಇಲ್ಲದೆಯೂ ಇರಬಹುದು, ಬರೀ ಸುಳ್ಳು ಮಾತ್ರೆಯೇ ನಿಮ್ಮ ಪಾಲಿಗೆ ಬರಬಹುದು, ತಿಳಿದು ಬರುವುದು ಮಾತ್ರ ಯಾರಿಗಾದರೂ ಉಪಯೋಗಕ್ಕೆ ಬಂದೇ ಬರುತ್ತದೆ ಎಂದೆ. ಟರ್ನರ್ ಕಥೆ ಹೇಳಿದೆ, ಒಂದು ಕಣ್ಣು ಕೊಟ್ಟವರ ಕಥೆ ಹೇಳಿದೆ. ಅವರು ತುಂಬ ಹೊತ್ತು ಕೇಳಿಸಿಕೊಂಡರು. ಮಗನಿಂದ ಒಂದು ಪೆನ್ನು ತರಿಸಿ, ಆ ಹಾಳೆಯ ಹಿಂದೆ ತಾವು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಬರೆಯತೊಡಗಿದರು. ಮೊದಲನೆಯದು, ಕಣ್ಣು ಮತ್ತು ಪಾದವನ್ನೂ ನೋಡುತ್ತೀರಾ ಎಂದು.